ಅಂಟು ಬಿಟ್ಟ ಲೇಪನ

ಹಳೆಯ ಕಾರುಗಳನ್ನು ಮೆಚ್ಚುವವರು ಸಾಮಾನ್ಯವಾಗಿ ಅವುಗಳ ಮುಖವನ್ನು ನೋಡುತ್ತಾರೆ. ದುಂಡನೆಯ ದೀಪಗಳು, ಹೊಳೆಯುವ ಜಾಲರಿ, ಬಾನೆಟ್ಟಿನ ಉಬ್ಬು ಇವೇ ಅವರ ಮಾತಿನ ವಿಷಯ. ಆದರೆ ಕಾರಿನ ಆಯುಷ್ಯ ನಿರ್ಧಾರವಾಗುವುದು ಯಾರೂ ಬಗ್ಗಿ ನೋಡದ ಅಡಿಭಾಗದಲ್ಲಿ. ಅಲ್ಲಿ ದಶಕಗಳಿಂದ ಪದರಪದರವಾಗಿ ಕಟ್ಟಿಕೊಂಡಿದ್ದ ಡಾಂಬರಿನ ಲೇಪನವೊಂದನ್ನು ಬೇಸಿಗೆ ರಜೆಯೊಂದರಲ್ಲಿ ಕೈಯಾರೆ ಬಿಡಿಸಿದ ಅನುಭವವನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಸಾಹಿತ್ಯದ ಓದುಗರ ಮುಂದೆ ಇಂಥ ವಿಷಯವೇಕೆ ಎಂಬ ಪ್ರಶ್ನೆ ಸಹಜ. ರಕ್ಷಣೆಗೆಂದು ಹಚ್ಚಿದ್ದು ಯಾವ ಹಂತದಲ್ಲಿ ರಕ್ಷಣೆಯಾಗಿ ಉಳಿಯುವುದಿಲ್ಲ, ಅದನ್ನು ತೆಗೆಯಲು ಹೊರಟವನು ಎಲ್ಲಿ ಕೈ ತಡೆಯಬೇಕು ಎಂಬ ಎರಡು ಪ್ರಶ್ನೆಗಳು ಹಸ್ತಪ್ರತಿ ಮತ್ತು ಶಾಸನಗಳೊಡನೆ ಕೆಲಸ ಮಾಡುವವರಿಗೂ ಹೊಸವಲ್ಲ ಎಂಬುದೇ ನನ್ನ ಸಮಾಧಾನ.

ಕಾರು ನನ್ನ ಮಾವನವರದು. ಕರಾವಳಿಯ ತಾಲ್ಲೂಕು ಕೇಂದ್ರವೊಂದರಲ್ಲಿ ವೈದ್ಯರಾಗಿದ್ದ ಅವರು 1973ರ ಆರಂಭದಲ್ಲಿ ಕೊಂಡ ಅಂಬಾಸಿಡರ್ ಮಾರ್ಕ್ 2 ಅದು. ಅದೇ ವರ್ಷದ ನವೆಂಬರ್ 1ರಂದು ನಮ್ಮ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದಿತು. ಕಾರಿನ ಫಲಕದ ಮೇಲೆ ಮಾತ್ರ ಮೈಸೂರು ರಾಜ್ಯದ ಕಾಲದ ‘ಎಂವೈ’ ಅಕ್ಷರಗಳು ಇಂದಿಗೂ ಉಳಿದಿವೆ. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿಯ ಕಾರೇ ಅಂಬಾಸಿಡರಿನ ಮೂಲ. ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿದ್ದ ಹಿಂದುಸ್ತಾನ್ ಮೋಟರ್ಸ್ ಕಾರ್ಖಾನೆಯಲ್ಲಿ 1950ರ ದಶಕದ ಉತ್ತರಾರ್ಧದಿಂದ 2014ರ ಮೇ ತಿಂಗಳವರೆಗೆ ಅದು ತಯಾರಾಯಿತು. ಮಾವನವರು ಈ ಕಾರಿನಲ್ಲಿ ಅಪರಾತ್ರಿಯಲ್ಲಿ ರೋಗಿಗಳ ಮನೆಗೆ ಹೋಗುತ್ತಿದ್ದರು. ನನ್ನ ಹೆಂಡತಿ ಶಾಲೆಗೆ ಹೋದದ್ದು, ಭಾವ ಕಾರು ಬಿಡಲು ಕಲಿತದ್ದು ಇದರಲ್ಲೇ.

ಮಾವನವರ ನಂತರ ಕಾರನ್ನು ನೋಡಿಕೊಂಡವರು ಭಾವ. ಎಪ್ಪತ್ತು ದಾಟಿದ ಅವರು ಊರಿನ ಮನೆಗೆ ಬೀಗ ಹಾಕಿ ಮಗನಿರುವಲ್ಲಿಗೆ ಹೊರಡುವುದೆಂದು ನಿಶ್ಚಯವಾದಾಗ ಕಾರಿನ ಪ್ರಶ್ನೆ ಎದ್ದಿತು. ನೋಂದಣಿಯ ಅವಧಿ ಮುಗಿಯುವುದಕ್ಕೆ ಕೆಲವೇ ತಿಂಗಳು ಉಳಿದಿತ್ತು. ಹದಿನೈದು ವರ್ಷ ದಾಟಿದ ಖಾಸಗಿ ಕಾರಿನ ನೋಂದಣಿಯನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಅದಕ್ಕೆ ವಾಹನ ತಪಾಸಣೆಯಲ್ಲಿ ತೇರ್ಗಡೆಯಾಗಬೇಕು. ಆಗದಿದ್ದರೆ ಗುಜರಿಯೇ ಗತಿ. ಗುಜರಿಯವರು ಆಗಲೇ ಒಮ್ಮೆ ಬಂದು ಸುತ್ತು ಹಾಕಿ ಹೋಗಿದ್ದರು.

ಪೇಟೆಯ ಹಳೆಯ ಟಿಂಕರಿಂಗ್ ಕೆಲಸಗಾರರೊಬ್ಬರನ್ನು ಕರೆಸಿ ತೋರಿಸಿದೆವು. ಅವರು ಕಾರಿನ ಅಡಿಗೆ ತೆವಳಿ, ಸುತ್ತಿಗೆಯ ಹಿಡಿಯಿಂದ ಅಲ್ಲಲ್ಲಿ ತಟ್ಟಿ, ಹೊರಗೆ ಬಂದು ಹೇಳಿದರು: “ಮಾಷ್ಟ್ರೇ, ಈಗ ಈ ಕಾರನ್ನು ಹಿಡಿದು ನಿಲ್ಲಿಸಿದ್ದು ಕಬ್ಬಿಣವೋ ಡಾಂಬರೋ ಅಂತ ಹೇಳ್ಲಿಕ್ಕೆ ಆಗುದಿಲ್ಲ. ಡಾಂಬರು ತೆಗೆದ್ರೆ ಗೊತ್ತಾಗ್ತದೆ. ಆದ್ರೆ ತೆಗೆದ ಮೇಲೆ ಅಡಿ ಉಂಟೋ ಇಲ್ಲವೋ ಅಂತ ನನ್ನನ್ನು ಕೇಳ್ಬಾರ್ದು.”

ಅವರ ಅಳುಕಿಗೆ ಕಾರಣ ಅಂಬಾಸಿಡರಿನ ರಚನೆಯಲ್ಲೇ ಇದೆ. ಲಾರಿ, ಜೀಪುಗಳಲ್ಲಿರುವಂತೆ ಇದಕ್ಕೆ ಬಿಡಿಯಾದ ದಪ್ಪ ಚೌಕಟ್ಟಿನ ಆಸರೆಯಿಲ್ಲ. ಸುಮಾರು ಒಂದು ಮಿಲಿಮೀಟರ್ ದಪ್ಪದ ಉಕ್ಕಿನ ತಗಡುಗಳನ್ನು ಮಡಿಸಿ, ಪೊಳ್ಳು ಪೆಟ್ಟಿಗೆಗಳಂತೆ ಬೆಸೆದು, ಒಡಲನ್ನೇ ಎಲುಬಾಗಿಸಿದ ರಚನೆ ಇದು. ನೆಲದ ತಗಡು, ಬಾಗಿಲುಗಳ ಕೆಳಗೆ ಉದ್ದಕ್ಕೆ ಸಾಗುವ ಪೊಳ್ಳು ಪಟ್ಟಿಗಳು, ಹಿಂದಿನ ಲೀಫ್ ಸ್ಪ್ರಿಂಗುಗಳನ್ನು ಹಿಡಿದಿರುವ ಬೆಸುಗೆಗಳು ಸೇರಿಯೇ ಇಡೀ ಭಾರವನ್ನು ಹೊರುತ್ತವೆ. ಇವು ತುಕ್ಕಿಗೆ ಬಲಿಯಾದರೆ ಮೇಲಿನ ಬಣ್ಣ, ಎಂಜಿನ್ನು, ಸೀಟು ಎಷ್ಟೇ ಚೆನ್ನಾಗಿದ್ದರೂ ಕಾರು ಓಡಿಸಲು ಅಯೋಗ್ಯ.

ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುತ್ತದೆ. ಕಡಲ ಗಾಳಿಯಲ್ಲಿ ಉಪ್ಪಿನಂಶವಿದೆ. ಉಪ್ಪು ತೇವವನ್ನು ಹಿಡಿದಿಡುತ್ತದೆ. ತೇವದಲ್ಲಿ ಕರಗಿ ತುಕ್ಕಿನ ಕ್ರಿಯೆಯನ್ನು ತೀವ್ರಗೊಳಿಸುತ್ತದೆ. ಆದ್ದರಿಂದ ಮಳೆಗಾಲಕ್ಕೆ ಮೊದಲು ಕಾರಿನ ಅಡಿಗೆ ಡಾಂಬರಿನಂಥ ಕಪ್ಪು ಲೇಪನ ಮಾಡಿಸುವುದು ನಮ್ಮ ಕಡೆ ರೂಢಿ. ಡಾಂಬರು ಸಾಲದಾದಾಗ ಎಂಜಿನ್ನಿನಿಂದ ಇಳಿಸಿದ ಹಳೆಯ ಎಣ್ಣೆಯನ್ನೇ ಬಳಿಸುವವರೂ ಉಂಟು. ಭಾವ ಈ ವ್ರತವನ್ನು ಎಂದೂ ತಪ್ಪಿಸಿದವರಲ್ಲ. ಎರಡು ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ ಕಾರನ್ನು ವರ್ಕ್‌ಶಾಪಿಗೆ ಕೊಂಡೊಯ್ದು, ಹಳೆಯದರ ಮೇಲೆ ಹೊಸದೊಂದು ಕೈ ಹಚ್ಚಿಸಿ ತರುತ್ತಿದ್ದರು. ಲೇಪನವನ್ನು ಬಿಡಿಸುವ ಮಾತು ಬಂದಾಗ ಅವರ ಮುಖ ಸಣ್ಣದಾಯಿತು. “ಐವತ್ತು ವರ್ಷ ಅದನ್ನು ಕಾದದ್ದೇ ಆ ಡಾಂಬರು ಭಾವ. ಮೈಮೇಲಿನ ಅಂಗಿ ಕಿತ್ತು ಮಳೆಗೆ ನಿಲ್ಲಿಸ್ತೀರಾ?” ಎಂದರು. ಆ ಮಾತಿನಲ್ಲಿ ಕಾರಿನ ಚಿಂತೆಯ ಜೊತೆಗೆ, ತಾನು ತಂದೆಯ ವಸ್ತುವನ್ನು ಕಾಯ್ದ ರೀತಿಯೇ ಪ್ರಶ್ನೆಗೊಳಗಾಗುತ್ತಿದೆ ಎಂಬ ನೋವೂ ಇತ್ತು. ನಾನು ವಾದಕ್ಕೆ ಇಳಿಯಲಿಲ್ಲ. ಅಂಗೈಯಗಲದಷ್ಟು ಜಾಗವನ್ನು ಮಾತ್ರ ಬಿಡಿಸಿ ನೋಡೋಣ, ಅಲ್ಲಿ ಲೋಹ ಸ್ವಚ್ಛವಾಗಿದ್ದರೆ ಉಳಿದದ್ದನ್ನು ಮುಟ್ಟುವುದಿಲ್ಲ ಎಂದು ಒಪ್ಪಿಸಿದೆ.

ಆ ಅಂಗೈಯಗಲದ ಜಾಗ ಬಹಳ ಹೇಳಿತು. ಚಾಲಕನ ಕಾಲಡಿಯಲ್ಲಿ ಲೇಪನ ನಯವಾಗಿ, ಗಟ್ಟಿಯಾಗಿ, ನೋಡಲು ನಿರ್ದೋಷವಾಗಿತ್ತು. ಸ್ಕ್ರೇಪರಿನ ಮೂಲೆಯನ್ನು ಒಂದು ಬಿರುಕಿಗೆ ತೂರಿಸಿ ಮೀಟಿದೊಡನೆ ಹಲಸಿನ ತೊಗಟೆಯಂತೆ ಇಡೀ ತುಂಡು ಕಳಚಿ ಬಂತು. ಅದರ ಒಳಮುಖದಲ್ಲಿ ಕಂದು ತುಕ್ಕಿನ ಹುಡಿ ಅಂಟಿಕೊಂಡಿತ್ತು. ತಗಡಿನ ಮೇಲೆ ಮುಟ್ಟಿದರೆ ಬೆರಳಿಗೆ ತೇವ ತಾಗುತ್ತಿತ್ತು. ಮಳೆ ನಿಂತು ಆಗಲೇ ಆರು ತಿಂಗಳಾಗಿತ್ತು. ಭಾವ ಆ ತುಂಡನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. ಏನೂ ಹೇಳದೆ ಒಳಗೆ ಹೋದರು. ಮರುದಿನ ಬೆಳಿಗ್ಗೆ ಕೊಟ್ಟಿಗೆಯ ಬೀಗದ ಕೈಯನ್ನು ನನ್ನ ಕೈಗಿತ್ತರು.

ಇದು ಹೇಗಾಗುತ್ತದೆ ಎಂಬುದನ್ನು ಸ್ವಲ್ಪ ವಿವರಿಸಬೇಕು. ಡಾಂಬರು ಹೊಸದಾಗಿರುವಾಗ ಮೆದುವಾಗಿ ಬಾಗುತ್ತದೆ, ಲೋಹಕ್ಕೆ ಬಿಗಿಯಾಗಿ ಅಂಟುತ್ತದೆ, ನೀರನ್ನು ಒಳಬಿಡುವುದಿಲ್ಲ. ವರ್ಷಗಳು ಕಳೆದಂತೆ ಅದರೊಳಗಿನ ಹಗುರ ತೈಲಾಂಶ ಆರಿಹೋಗುತ್ತದೆ. ಗಾಳಿಯ ಆಮ್ಲಜನಕದೊಡನೆ ಬೆರೆತು ಅದು ಪೆಡಸಾಗುತ್ತದೆ. ಕಾರಿನ ತಗಡು ಬಿಸಿಗೆ ಹಿಗ್ಗುತ್ತದೆ, ತಂಪಿಗೆ ಕುಗ್ಗುತ್ತದೆ, ಗುಂಡಿಯಲ್ಲಿ ಅದುರುತ್ತದೆ. ಪೆಡಸಾದ ಲೇಪನ ಈ ಚಲನೆಯನ್ನು ಅನುಸರಿಸಲಾರದೆ ಕೂದಲೆಳೆಯಷ್ಟು ಬಿರಿಯುತ್ತದೆ. ಆ ಬಿರುಕಿನಲ್ಲಿ ನೀರು ಒಳಸೇರಿದರೆ ಹೊರಗೆ ಬರಲು ದಾರಿಯಿಲ್ಲ, ಆರಲು ಗಾಳಿಯಿಲ್ಲ. ಹುಟ್ಟಿದ ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗವನ್ನು ಬೇಡುವುದರಿಂದ ಲೇಪನವನ್ನು ಇನ್ನಷ್ಟು ಮೇಲಕ್ಕೆ ಒತ್ತುತ್ತದೆ. ಒಳಗೆ ಇನ್ನಷ್ಟು ನೀರಿಗೆ ಎಡೆಯಾಗುತ್ತದೆ. ಹೊರಗಿನಿಂದ ಮಾತ್ರ ಎಲ್ಲವೂ ಕಪ್ಪಾಗಿ, ಸಮನಾಗಿ, ಕ್ಷೇಮವಾಗಿ ಕಾಣುತ್ತಿರುತ್ತದೆ. ಬರಿಮೈಯ ತಗಡಾಗಿದ್ದರೆ ಮಳೆಗೆ ನೆನೆದು ಬಿಸಿಲಿಗೆ ಆರುತ್ತಿತ್ತು, ತುಕ್ಕು ಹಿಡಿದರೆ ಕಣ್ಣಿಗಾದರೂ ಬೀಳುತ್ತಿತ್ತು.

ಇದಕ್ಕಿಂತ ದೊಡ್ಡ ಅನಾಹುತವೊಂದು ಬಾಗಿಲುಗಳ ಕೆಳಗಿನ ಪೊಳ್ಳು ಪಟ್ಟಿಗಳಲ್ಲಿ ನಡೆದಿತ್ತು. ಆ ಪಟ್ಟಿಗಳ ತಳದಲ್ಲಿ ನೀರು ಬಸಿದುಹೋಗಲೆಂದು ಸಣ್ಣ ರಂಧ್ರಗಳಿರುತ್ತವೆ. ಲೇಪನ ಹಚ್ಚಿದ ಕೈಗಳು ಪ್ರತಿ ಸಲವೂ ಅವುಗಳ ಮೇಲೆಯೇ ಬ್ರಷ್ ಎಳೆದಿದ್ದವು. ಒಂದೊಂದಾಗಿ ರಂಧ್ರಗಳು ಮುಚ್ಚಿಹೋಗಿ, ಬಾಗಿಲಿನ ಸಂದಿಯಿಂದ ಇಳಿದ ನೀರು ಒಳಗೇ ನಿಂತು, ತಗಡು ಒಳಗಿನಿಂದ ಹೊರಕ್ಕೆ ಕೊಳೆಯತೊಡಗಿತ್ತು.

ಕೆಲಸ ಆರಂಭಿಸುವ ಮೊದಲು ಸುರಕ್ಷೆಯ ಸಿದ್ಧತೆಗೇ ಮೂರು ದಿನ ಹಿಡಿಯಿತು. ಜಾಕ್ ಒಂದನ್ನೇ ನಂಬಿ ಕಾರಿನಡಿ ಮಲಗುವುದು ಪ್ರಾಣಕ್ಕೆ ಎರವು. ಗಟ್ಟಿಯಿರುವ ಕಡೆ ನೋಡಿ ನಾಲ್ಕು ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಕಾರನ್ನು ಕೂರಿಸಿದೆವು. ಪೆಟ್ರೋಲ್ ಟ್ಯಾಂಕನ್ನು ಬಿಚ್ಚಿ ದೂರ ಇಟ್ಟೆವು. ಹಳೆಯ ಕೆಲವು ಲೇಪನಗಳಲ್ಲಿ ಆಸ್‌ಬೆಸ್ಟಾಸ್ ನಾರನ್ನು, ಹಳೆಯ ಬಣ್ಣಗಳಲ್ಲಿ ಸೀಸವನ್ನು ಬೆರೆಸುತ್ತಿದ್ದುದುಂಟು. ಆದ್ದರಿಂದ ಹುಡಿ ಎಬ್ಬಿಸುವ ವಿದ್ಯುತ್ ಬ್ರಷ್ಷನ್ನು ದೂರವಿಟ್ಟು, ನೀರು ಚಿಮುಕಿಸುತ್ತ, ಮುಖವಾಡ ಮತ್ತು ಕನ್ನಡಕ ಧರಿಸಿ ಕೈಯಿಂದಲೇ ಕೆಲಸ ಮಾಡುವುದೆಂದು ತೀರ್ಮಾನಿಸಿದೆವು. ಕೆಳಗೆ ಟಾರ್ಪಾಲು ಹಾಸಿ, ಬಿದ್ದ ಚೂರು ಬಾವಿಯ ಕಡೆ ಹರಿಯದಂತೆ ನೋಡಿಕೊಂಡೆವು.

ಲೇಪನ ತೆಗೆಯುವ ವಿಧಾನಗಳು ನಾಲ್ಕಾರು. ಪೆಡಸಾಗಿ ಅಂಟು ಬಿಟ್ಟದ್ದಕ್ಕೆ ಸ್ಕ್ರೇಪರ್ ಮತ್ತು ಮೊಂಡು ಉಳಿ ಸಾಕು. ಇನ್ನೂ ಮೆತ್ತಗಿರುವುದಕ್ಕೆ ಹೀಟ್ ಗನ್ನಿನ ಬಿಸಿಗಾಳಿ ತಾಗಿಸಿದರೆ ಬೆಣ್ಣೆಯಂತೆ ಕೆರೆದು ತೆಗೆಯಬಹುದು. ಬಿಸಿ ಹೆಚ್ಚಾದರೆ ಅದು ಹರಿದು ಎಲ್ಲೆಡೆ ಮೆತ್ತುತ್ತದೆ, ಇನ್ನೂ ಹೆಚ್ಚಾದರೆ ಸುಟ್ಟು ವಿಷದ ಹೊಗೆಯಾಗುತ್ತದೆ. ಉಳಿದ ಕಪ್ಪು ಕಲೆಯನ್ನು ಸೀಮೆಎಣ್ಣೆ ಅಥವಾ ಟರ್ಪೆಂಟೈನಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಬೇಕು. ಬಿಸಿಯ ಕೆಲಸ ಪೂರ್ತಿ ಮುಗಿದು ತಗಡು ತಣ್ಣಗಾಗುವವರೆಗೆ ಈ ದ್ರವಗಳನ್ನು ಹತ್ತಿರ ತರಬಾರದು. ದೊಡ್ಡ ನಗರಗಳಲ್ಲಿ ಡ್ರೈ ಐಸ್ ಬಳಸುವವರಿದ್ದಾರೆ. ಗಟ್ಟಿಯಾಗಿಸಿದ ಇಂಗಾಲದ ಡೈಆಕ್ಸೈಡ್ ಅದು. ಶೂನ್ಯಕ್ಕಿಂತ 78 ಡಿಗ್ರಿ ಸೆಲ್ಸಿಯಸ್ ಕೆಳಗಿನ ಅದರ ಶೀತಕ್ಕೆ ಡಾಂಬರು ಗಾಜಿನಂತೆ ಪೆಡಸಾಗಿ, ತಟ್ಟಿದರೆ ಸಿಡಿದು ಕಳಚುತ್ತದೆ. ನಮ್ಮ ಊರಿಗೆ ಅದು ದಕ್ಕುವಂಥದ್ದಾಗಿರಲಿಲ್ಲ. ಸ್ಕ್ರೇಪರ್, ಬಿಸಿ, ಬಟ್ಟೆ ಈ ಮೂರರಲ್ಲೇ ಇಪ್ಪತ್ತೆರಡು ದಿನ ಕಳೆದೆವು.

ಮೊದಲ ವಾರದ ನಂತರ ಪದರಗಳು ಓದಲು ಸಿಕ್ಕತೊಡಗಿದವು. ಹಿಂದಿನ ಚಕ್ರಗಳ ಮೇಲ್ಭಾಗದಿಂದ ಬಂದ ದಪ್ಪನೆಯ ತುಂಡೊಂದನ್ನು ಅಡ್ಡ ಮುರಿದಾಗ ಕಪ್ಪಿನ ನಡುವೆ ಕೆಂಪು ಗೆರೆಗಳು ಕಂಡವು. ಅದು ನಮ್ಮ ಕಡೆಯ ಮುರಕಲ್ಲಿನ ಕೆಂಪು ಮಣ್ಣು. ಅಂದರೆ, ಎಷ್ಟೋ ಸಲ ಅಡಿಯನ್ನು ತೊಳೆಯದೆ, ಒಣಗಿದ ಕೆಸರಿನ ಮೇಲೆಯೇ ಹೊಸ ಲೇಪನವನ್ನು ಬಳಿಯಲಾಗಿತ್ತು. ಲೋಹವನ್ನು ಕಾಯಬೇಕಾದದ್ದು ಮಣ್ಣನ್ನು ಕಾಯುತ್ತಿತ್ತು. ಪ್ರತಿಸಲವೂ ಪೂರ್ತಿ ಹಣ ಎಣಿಸಿ, ಕೆಲಸಗಾರರ ಮಾತು ನಂಬಿ ಬಂದ ಭಾವನಿಗೆ ಇದನ್ನು ತೋರಿಸುವುದೋ ಬೇಡವೋ ಎಂದು ನಾನು ಒಂದು ಸಂಜೆ ಪೂರ್ತಿ ಯೋಚಿಸಿದೆ. ಕೊನೆಗೆ ತೋರಿಸಿದೆ. ಅವರು ಬಹಳ ಹೊತ್ತು ನೋಡಿ, “ಅಪ್ಪ ಇದ್ದಾಗ ಕಾರು ತೊಳೆಯದೆ ವರ್ಕ್‌ಶಾಪಿಗೆ ಕಳಿಸ್ತಿರಲಿಲ್ಲ” ಎಂದಷ್ಟೇ ಹೇಳಿದರು.

ನಮ್ಮ ಹಿಂದಿನ ತಲೆಮಾರಿಗೆ ಈ ವಿವೇಕ ಅಪರಿಚಿತವಾಗಿರಲಿಲ್ಲ. ಹಿತ್ತಾಳೆ, ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕಲು ಬರುತ್ತಿದ್ದವರನ್ನು ನೆನೆಯಬೇಕು. ಅವರು ಮೊದಲು ಪಾತ್ರೆಯೊಳಗೆ ಮರಳು ಹಾಕಿ ಉಜ್ಜುತ್ತಿದ್ದರು. ಅನಂತರ ಕಾಯಿಸಿ ನವಸಾಗರ ಹಾಕಿ ಲೋಹದ ಮೈಯನ್ನು ಶುದ್ಧಗೊಳಿಸುತ್ತಿದ್ದರು. ತವರ ತಾಗಿಸಿ ಅರಳೆಯಿಂದ ಸವರುವುದು ಕೊನೆಯ ಕ್ಷಣದ ಕೆಲಸ. ಶ್ರಮವೆಲ್ಲ ಅದಕ್ಕೆ ಮೊದಲಿನದು. ಹಳೆಯ ಕೊಳೆಯ ಮೇಲೆ ತವರ ನಿಲ್ಲುವುದಿಲ್ಲವೆಂಬುದನ್ನು ಅವರ ಕೈ ಬಲ್ಲದು. ಕನ್ನಡವೂ ಲೋಹಗಳ ಈ ಸ್ವಭಾವವನ್ನು ಗಮನಿಸಿದೆ. ತಾಮ್ರ, ಹಿತ್ತಾಳೆಗಳ ಮೇಲೆ ಕಟ್ಟುವುದು ಕಿಲುಬು, ಕಬ್ಬಿಣದ ಮೇಲೆ ಕಟ್ಟುವುದು ತುಕ್ಕು. ಬಯಲಲ್ಲಿ ನಿಂತ ತಾಮ್ರದ ಮೇಲಿನ ಹಸಿರು ಪದರ ಲೋಹಕ್ಕೆ ಬಿಗಿದು ನಿಂತು ಒಳಗಿನದನ್ನು ಕಾಯುತ್ತದೆ. ಕಬ್ಬಿಣದ ತುಕ್ಕು ಹಕ್ಕಳೆಯಾಗಿ ಉದುರಿ ಹೊಸ ಲೋಹವನ್ನು ಗಾಳಿಗೆ ಒಡ್ಡುತ್ತಲೇ ಹೋಗುತ್ತದೆ.

ಕೆಲಸದ ನಡುವೆ ನಮ್ಮಿಬ್ಬರಲ್ಲಿ ಒಂದು ಭಿನ್ನಾಭಿಪ್ರಾಯ ಬಂತು. ಅರ್ಧ ಅಡಿಯಷ್ಟೂ ಬಿಡದೆ ಎಲ್ಲವನ್ನೂ ತೆಗೆದು ಬೆಳ್ಳನೆಯ ಲೋಹಕ್ಕೆ ತರಬೇಕೆಂಬುದು ಟಿಂಕರಿಂಗಿನವರ ಪಟ್ಟು. ಆದರೆ ನೆಲದ ತಗಡಿನ ನಡುಭಾಗದಲ್ಲಿ, ಎಲ್ಲ ಕಪ್ಪಿನ ಅಡಿಯಲ್ಲಿ, ಉಗುರಿನಷ್ಟೂ ದಪ್ಪವಿಲ್ಲದ ಕೆಂಪು ಪ್ರೈಮರಿನ ಪದರವೊಂದು ಉಳಿದಿತ್ತು. ಸ್ಕ್ರೇಪರಿಗೆ ಅದು ಜಗ್ಗಲಿಲ್ಲ, ಬಿಸಿಗೆ ಏಳಲಿಲ್ಲ. ಮಡಕೆ ಕೊಳ್ಳುವವರು ಬೆರಳಿನಿಂದ ತಟ್ಟಿ ನೋಡುವಂತೆ ತಟ್ಟಿದರೆ ಅಲ್ಲಿ ತಗಡು ಕಣಕಣವೆನ್ನುತ್ತಿತ್ತು, ಟೊಳ್ಳು ಸದ್ದಿರಲಿಲ್ಲ. ಅದರ ಮೇಲೆ ಕೆಲವೆಡೆ ಮೊದಲ ಡಾಂಬರಿನ ತೆಳು ಪೊರೆಯೂ ಅಷ್ಟೇ ಬಿಗಿಯಾಗಿ ಹಿಡಿದಿತ್ತು. ಐವತ್ತು ಮಳೆಗಾಲ ತನ್ನ ಕೆಲಸವನ್ನು ಮಾಡಿದ ಪದರವನ್ನು ಹಳೆಯದೆಂಬ ಒಂದೇ ಕಾರಣಕ್ಕೆ ಕಿತ್ತೊಗೆಯುವುದು ನನಗೆ ಸಮ್ಮತವಾಗಲಿಲ್ಲ. ವಯಸ್ಸು, ಬಣ್ಣ, ಅಂದ ಇವು ಯಾವುವೂ ಅಳತೆಗೋಲಾಗಲಾರವು. ಲೋಹಕ್ಕೆ ಅಂಟಿದೆಯೇ ಎಂಬುದೊಂದೇ ಪರೀಕ್ಷೆ. ಅಂಟು ಬಿಟ್ಟದ್ದು ಎಷ್ಟೇ ಹೊಸದಾಗಿ ಹೊಳೆಯುತ್ತಿದ್ದರೂ ಹೋಗಬೇಕು, ಅಂಟಿರುವುದು ಎಷ್ಟೇ ಹಳೆಯದಾದರೂ ಇರಬೇಕು.

ಕರಾವಳಿಯ ಮನೆಗಳ ತಾಳೆಗರಿ ಕಟ್ಟುಗಳನ್ನು ಬಿಚ್ಚಿದವರಿಗೆ ಈ ಸಂಗತಿ ಅರ್ಥವಾದೀತು. ಗರಿ ಒಣಗಿ ಮುರಿಯದಿರಲಿ, ಹುಳ ಹಿಡಿಯದಿರಲಿ ಎಂದು ತಲೆಮಾರುಗಳ ಕಾಲ ಎಣ್ಣೆ ಸವರಿರುತ್ತಾರೆ. ಆ ಎಣ್ಣೆ ಧೂಳನ್ನೂ ಅಡುಗೆಮನೆಯ ಹೊಗೆಯನ್ನೂ ಹಿಡಿದಿಟ್ಟು, ಕೊನೆಗೆ ಅಕ್ಷರವೇ ಕಾಣದಂತೆ ಕಪ್ಪುಗಟ್ಟುತ್ತದೆ. ಅದನ್ನು ಒರೆಸುವಾಗ ಗೀರಿನೊಳಗೆ ತುಂಬಿದ ಮಸಿ ಹೋಗದಂತೆ ಎಚ್ಚರ ವಹಿಸಬೇಕು. ಎರಡೂ ಕಪ್ಪೇ, ಎರಡೂ ಯಾರೋ ಹಚ್ಚಿದ್ದೇ. ದೇವಾಲಯಗಳ ಶಾಸನಗಳ ಮೇಲೆ ಭಕ್ತಿಯಿಂದ ಬಳಿದ ಸುಣ್ಣದ ಪದರಗಳನ್ನು ಬಿಡಿಸಿ ಪಡಿಯಚ್ಚು ತೆಗೆಯುವವರ ಕಷ್ಟವೂ ಇದೇ ಬಗೆಯದು. ಗ್ರಂಥಸಂಪಾದನೆಯ ಪಾಠ ಹೇಳುವಾಗ ಪ್ರಕ್ಷಿಪ್ತವನ್ನು ಗುರುತಿಸುವ ಲಕ್ಷಣಗಳನ್ನು ವಿದ್ಯಾರ್ಥಿಗಳಿಗೆ ಪಟ್ಟಿ ಮಾಡಿಸುತ್ತೇವೆ. ತಡವಾಗಿ ಸೇರಿತು ಎಂಬುದಷ್ಟೇ ಒಂದು ಪಾಠವನ್ನು ಕೈಬಿಡಲು ಸಾಲದು, ಹಿಂದುಮುಂದಿನೊಡನೆ ಅದು ಹೇಗೆ ಕೂಡಿದೆ ಎಂದು ನೋಡಬೇಕು ಎಂಬ ಮಾತನ್ನು ಕಾರಿನ ಅಡಿಯಲ್ಲಿ ಮಲಗಿದ್ದಾಗ ನಾನು ಬೇರೆಯೇ ಸ್ಪಷ್ಟತೆಯಲ್ಲಿ ಕಂಡೆ.

ಉಳಿಸುವುದಕ್ಕೆ ವ್ಯಾವಹಾರಿಕ ಕಾರಣವೂ ಇತ್ತು. ಕೇಂದ್ರ ಸರ್ಕಾರ 2021ರಲ್ಲಿ ಹೊರಡಿಸಿದ ನಿಯಮದಂತೆ, 50 ವರ್ಷ ದಾಟಿದ, ಮೂಲರೂಪದಲ್ಲೇ ಇರುವ, ಗಣನೀಯ ಬದಲಾವಣೆಗೆ ಒಳಗಾಗದ ವಾಹನಗಳನ್ನು ವಿಂಟೇಜ್ ಎಂದು ಪರಿಗಣಿಸಲಾಗುತ್ತದೆ. ನೆಲವನ್ನೇ ಕತ್ತರಿಸಿ ಹೊಸತನ್ನು ಬೆಸೆದರೆ ಮೂಲವೆನ್ನುವುದು ಎಷ್ಟು ಉಳಿಯುತ್ತದೆ? ಟಿಂಕರಿಂಗಿನವರು ಕೊನೆಗೆ ಒಪ್ಪಿ, “ಸರಿ ಮಾಷ್ಟ್ರೇ, ಗಟ್ಟಿ ಇದ್ದದ್ದು ಇರ್ಲಿ” ಎಂದರು.

ಎಲ್ಲ ಮುಗಿದಾಗ ಫಲಿತಾಂಶ ಹೀಗಿತ್ತು. ನೆಲದ ನಡುಭಾಗ ಪೂರ್ತಿ ಗಟ್ಟಿ. ಚಾಲಕನ ಕಾಲಡಿಯಲ್ಲಿ ಊಟದ ತಟ್ಟೆಯಗಲದ ತೂತು. ಎಡಬದಿಯ ಪೊಳ್ಳು ಪಟ್ಟಿಯ ಹಿಂಭಾಗದಲ್ಲಿ ಒಂದೂವರೆ ಅಡಿ ಉದ್ದ ಕೊಳೆತಿತ್ತು. ಎಲ್ಲಕ್ಕಿಂತ ಹೆಚ್ಚು ಹೆದರಿಸಿದ್ದು ಹಿಂದಿನ ಬಲಬದಿಯಲ್ಲಿ ಸ್ಪ್ರಿಂಗ್ ಹಿಡಿದಿರುವ ಜಾಗ. ಅಲ್ಲಿ ತಗಡು ಎರಡು ಪದರವಾಗಿ ಬಿಟ್ಟುಕೊಂಡಿತ್ತು. ಇನ್ನೊಂದೆರಡು ಮಳೆಗಾಲ ಅದೇ ಕಪ್ಪಿನಡಿಯಲ್ಲಿ ಕಳೆದಿದ್ದರೆ ಕಾರು ರಸ್ತೆಯಲ್ಲೇ ಕುಸಿಯಬಹುದಿತ್ತು ಎಂದು ಟಿಂಕರಿಂಗಿನವರು ಹೇಳಿದರು. ಕೊಳೆತದ್ದನ್ನು ಕತ್ತರಿಸಿ, ಅಷ್ಟಕ್ಕೆ ಮಾತ್ರ ಹೊಸ ತಗಡು ಬೆಸೆದರು. ಬಿದ್ದ ಡಾಂಬರು, ಮಣ್ಣು, ತುಕ್ಕನ್ನು ಚೀಲಗಳಲ್ಲಿ ತುಂಬಿ ಅಡಿಕೆ ತೂಗುವ ತಕ್ಕಡಿಯಲ್ಲಿಟ್ಟಾಗ 26 ಕಿಲೋ ತೂಗಿತು.

ಕೆರೆದು ಮುಗಿಯದ ತುಕ್ಕಿನ ತೆಳು ಲೇಪಕ್ಕೆ ಟ್ಯಾನಿಕ್ ಆಮ್ಲವಿರುವ ದ್ರಾವಣವನ್ನು ಹಚ್ಚಿದೆವು. ನೋಡನೋಡುತ್ತ ಕಂದು ಬಣ್ಣ ನೀಲಿಗಪ್ಪಾಗಿ ತಿರುಗಿತು. ಕಬ್ಬಿಣದ ಅಂಶ ಟ್ಯಾನಿನ್ನಿನೊಡನೆ ಕೂಡಿ ಸ್ಥಿರವಾದ ಕಪ್ಪು ಸಂಯುಕ್ತವಾಗುವ ಕ್ರಿಯೆ ಅದು. ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಬೆರೆಸಿ ಮಸಿ ಮಾಡುತ್ತಿದ್ದವರು ಬಳಸಿಕೊಂಡದ್ದು ಇದೇ ಕ್ರಿಯೆಯನ್ನು. ಹಳೆಯ ಕಾಗದದ ಮೇಲೆ ನಾನು ಓದುತ್ತ ಬಂದ ಕಪ್ಪು, ಕಾರಿನ ತಗಡಿನ ಮೇಲೆ ಮೂಡುವುದನ್ನು ಕಂಡು ಸ್ವಲ್ಪ ಹೊತ್ತು ಕೆಲಸ ನಿಲ್ಲಿಸಿ ಕುಳಿತೆ.

ಹೊಸ ಲೇಪನದ ಆಯ್ಕೆಯನ್ನು ಭಾವನಿಗೇ ಬಿಟ್ಟೆ. ಡಾಂಬರಿನ ಡಬ್ಬಿಯನ್ನೂ, ಪ್ರೈಮರಿನ ಮೇಲೆ ಸಿಂಪಡಿಸುವ ಮೇಣದಂಥ ಅರೆಪಾರದರ್ಶಕ ಲೇಪನದ ಡಬ್ಬಿಯನ್ನೂ ಮುಂದಿಟ್ಟೆ. ಮೇಣದ್ದು ಅಷ್ಟು ಗಟ್ಟಿಯಲ್ಲ. ಆಗಾಗ ನೋಡಿ ಮತ್ತೆ ಹಚ್ಚಬೇಕಾಗುತ್ತದೆ. ಆದರೆ ಅದು ಮೆದುವಾಗಿಯೇ ಉಳಿಯುತ್ತದೆ, ಬೇಕೆಂದಾಗ ಒರೆಸಿ ತೆಗೆಯಬಹುದು, ಅದರಡಿ ತುಕ್ಕು ಎದ್ದರೆ ಕಾಣುತ್ತದೆ. ಭಾವ ಎರಡನ್ನೂ ನೋಡಿ, “ಕಾಣುವಂಥದ್ದೇ ಹಚ್ಚಿ” ಎಂದರು. ಬಸಿಯುವ ರಂಧ್ರಗಳಿಗೆ ಅವರೇ ಒಂದೊಂದು ತಂತಿ ತೂರಿಸಿ ತೆರೆದಿಟ್ಟರು.

ಕಾರು ತಪಾಸಣೆಯಲ್ಲಿ ತೇರ್ಗಡೆಯಾಗಿ ಈಗ ನಮ್ಮ ಮನೆಯಲ್ಲಿದೆ. ಅದರ ಡ್ಯಾಶ್‌ಬೋರ್ಡಿನ ಗೂಡಿನಲ್ಲಿ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಎಲ್ಲಿ ಏನನ್ನು ತೆಗೆದೆವು, ಎಲ್ಲಿ ಹೊಸ ತಗಡು ಸೇರಿತು, ಯಾವ ಭಾಗದಲ್ಲಿ ಹಳೆಯ ಕೆಂಪು ಪದರವನ್ನು ಹಾಗೆಯೇ ಬಿಟ್ಟಿದ್ದೇವೆ, ಅದನ್ನು ಬಿಟ್ಟದ್ದೇಕೆ ಎಂಬುದನ್ನು ನಕ್ಷೆಯೊಡನೆ ಬರೆದಿದೆ. ಮುಂದೆ ಇದರ ಅಡಿಗೆ ತೆವಳುವವರು ನಮ್ಮ ಕೆಲಸವನ್ನೂ ತಟ್ಟಿ ನೋಡಲಿ. ಅಂಟು ಬಿಟ್ಟಿದ್ದರೆ ಸಂಕೋಚವಿಲ್ಲದೆ ತೆಗೆಯಲಿ.